ಊರು ಬಂದೊಡನೆ ಹಿಂದೆ ಸರಿದವಳು

ಅಮರೇಶ ದಂಪತಿಯ ಸೈಕಲ್ ಯಾತ್ರೆಯ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಓದಿದ್ದರೆ ಮರೆತುಬಿಡಿ. 'ಅಮರೇಶ ದಂಪತಿ' ಎಂಬ ಮಾತಿನೊಳಗೆ ಎಲ್ಲೋ ಮುದುಡಿಕೊಂಡು ಕೂತ ಒಬ್ಬ ಹೆಂಗಸಿದ್ದಾಳೆ, ಅವಳ ಹೆಸರು ಸುನಂದಾ. ನಾನು ಹೇಳಹೊರಟಿರುವುದು ಅವಳ ಕಥೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಅವಳ ಮನೆಯ ಎದುರಿಗೇ ನನ್ನ ಮನೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು, ಹಾಗಾಗಿ ಓಣಿಯವರೆಲ್ಲ ಅಕ್ಕೋರು ಅನ್ನುತ್ತಾರೆ. ಅಕ್ಕೋರ ಬಾಯಿ ಬಲು ಜೋರು ಅಂತಲೂ ಅನ್ನುತ್ತಾರೆ, ನಾನು ಆ ಕಡೆ ತಿರುಗಿದ ಮೇಲೆ.

ಸುನಂದಾ ಇಳಕಲ್ಲಿನ ನೇಕಾರರ ಮನೆಯ ಹುಡುಗಿ. ತಂದೆ ಬೇಗ ತೀರಿಕೊಂಡ. ತಾಯಿ ತಾಯವ್ವ ತಾನೇ ಮಗ್ಗಕ್ಕಿಳಿದು ಸೀರೆ ನೇಯ್ದು ಮಗಳನ್ನು ಬೆಳೆಸಿದಳು. ಎಂಟನೆಯ ತರಗತಿಯಲ್ಲಿ ಸರ್ಕಾರದ ಸೈಕಲ್ ಸಿಕ್ಕಿತು. ಉಳಿದ ಹುಡುಗಿಯರು ಅದನ್ನು ಶಾಲೆಯವರೆಗೆ ತುಳಿದರೆ ಇವಳು ಹುನಗುಂದದವರೆಗೆ ತುಳಿದಳು. ಕೆಂಪು ಗ್ರಾನೈಟ್ ಹೇರಿಕೊಂಡು ಏರು ಹತ್ತುವ ಲಾರಿಗಳ ಜೊತೆ ಪಂದ್ಯ ಕಟ್ಟುತ್ತಿದ್ದಳಂತೆ. ಡ್ರೈವರುಗಳು ಹಾರ್ನ್ ಹೊಡೆದು ಹುರಿದುಂಬಿಸುತ್ತಿದ್ದರಂತೆ. ಶಾಲೆಯ ಪಿ.ಟಿ. ಮಾಸ್ತರರ ಕಣ್ಣಿಗೆ ಬಿದ್ದಳು, ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆಯಾದಳು. ರಾಜ್ಯ ಮಟ್ಟದಲ್ಲಿ ಎರಡು ಸಲ ಚಿನ್ನ ಗೆದ್ದಳು. ಇನ್ನೊಂದು ವರ್ಷ ತುಳಿದಿದ್ದರೆ ರೈಲ್ವೆಯಲ್ಲಿ ನೌಕರಿಯಾಗುತ್ತಿತ್ತು ಎಂದು ಅವಳ ಜೊತೆಗಾತಿಯರು ಈಗಲೂ ಹೇಳುತ್ತಾರೆ. ಆದರೆ ಅಷ್ಟರಲ್ಲಿ ಅಮರೇಶನ ಮನೆಯಿಂದ ಸಂಬಂಧ ಬಂತು. ಹಾಸ್ಟೆಲ್ಲಿನ ಸೈಕಲ್ ಹಾಸ್ಟೆಲ್ಲಿಗೆ ಹೋಯಿತು, ಹುಡುಗಿ ಗಂಡನ ಮನೆಗೆ ಬಂದಳು.

ಅಮರೇಶ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಮ್ಯಾನೇಜರು. ಕುಡಿಯುವುದಿಲ್ಲ, ಹೆಂಡತಿಯ ಮೇಲೆ ಕೈ ಮಾಡುವುದಿಲ್ಲ. ನಮ್ಮ ಕಡೆ ಗಂಡಸು ಒಳ್ಳೆಯವನು ಅನ್ನಿಸಿಕೊಳ್ಳಲು ಇಷ್ಟು ಧಾರಾಳವಾಗಿ ಸಾಕು. ನಲವತ್ತು ದಾಟಿದ ಮೇಲೆ ಅವನಿಗೆ ಸಕ್ಕರೆ ರೋಗ ಶುರುವಾಯಿತು. ಡಾಕ್ಟರು ಮೈ ಬಗ್ಗಿಸಬೇಕು ಅಂದರು. ಅವನು ಗೇರಿನ ಸೈಕಲ್ಲು, ಹೆಲ್ಮೆಟ್ಟು, ಮೈಗಂಟುವ ಬಣ್ಣದ ಅಂಗಿ ಎಲ್ಲವನ್ನೂ ಒಂದೇ ದಿನ ಕೊಂಡು ತಂದ. ಬೆಳಗಿನ ಸೈಕಲ್ ಗುಂಪು ಸೇರಿದ. ಸೈಕಲ್ಲಿಗಿಂತ ಸೈಕಲ್ಲಿನ ಫೋಟೋ ಅವನಿಗೆ ಹೆಚ್ಚು ಹಿಡಿಸಿತು ಅಂತ ನನ್ನ ಅಂದಾಜು. ಹೆಂಡತಿ ಒಂದು ಕಾಲದಲ್ಲಿ ಪಂದ್ಯ ಗೆದ್ದವಳು ಎಂಬುದು ಅವನಿಗೆ ಆಗ ನೆನಪಾಯಿತು. ಗುಂಪಿನವರೊಬ್ಬರ ಹಳೆಯ ಸೈಕಲ್ ಅವಳಿಗೂ ತಂದುಕೊಟ್ಟ.

ಅದೇ ಹೊತ್ತಿಗೆ ಇಳಕಲ್ಲಿನ ಗ್ರಾನೈಟ್ ಗಣಿಯ ಮಾಲೀಕರಾದ ಮುದಕಪ್ಪ ಸಾಹುಕಾರರು ಬಾಗಲಕೋಟೆಯ ನವನಗರದಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ ಪಂದ್ಯದ ತರಬೇತಿ ಕೇಂದ್ರ ತೆರೆಯುವುದಾಗಿ ಸುದ್ದಿಯಾಯಿತು. ಕಲಿಸಲು ಒಬ್ಬ ಕೋಚ್ ಬೇಕು, ಹೆಣ್ಣುಮಗಳಾದರೆ ಒಳ್ಳೆಯದು ಅಂದಿದ್ದರು. ಸುನಂದಾ ಆ ಸುದ್ದಿ ಕೇಳಿದ ದಿನ ನಮ್ಮ ಮನೆಗೆ ಓಡಿ ಬಂದಿದ್ದಳು. ಹತ್ತು ವರ್ಷದಲ್ಲಿ ಅವಳು ತನಗಾಗಿ ಏನಾದರೂ ಬೇಕು ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಮನಿಯವರನ್ನ ಕೇಳೇನ್ರಿ ಅಕ್ಕೋರ," ಅಂದಳು. "ಮೊದ್ಲ ನಾವಿಬ್ರೂ ಯಾತ್ರಾ ಮಾಡೂನು, ಮಂದಿ ನಿನ್ನ ನೋಡ್ಲಿ, ಆಮ್ಯಾಲ ನೀನಾ ಕೋಚ್ ಅಂದಾರ್ರಿ."

ಯಾತ್ರೆ ಅಂದರೆ ಗಂಡಹೆಂಡತಿ ಜೋಡಿಯಾಗಿ ಸೈಕಲ್ ತುಳಿಯುತ್ತ ಗುಳೇದಗುಡ್ಡ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ, ಇಳಕಲ್ಲು, ಮಧ್ಯೆ ಸಿಗುವ ಹಳ್ಳಿಗಳನ್ನೆಲ್ಲ ಸುತ್ತಿ ಕೂಡಲಸಂಗಮ ಸೇರುವುದು. ಹೆಸರು 'ಸಮಾನತೆಯ ಸೈಕಲ್ ಯಾತ್ರೆ'. ಹೆಣ್ಣು ಗಂಡು ಸಮಾನ ಎಂದು ಊರೂರಲ್ಲಿ ಅಮರೇಶ ಭಾಷಣ ಮಾಡುವುದು. ಬ್ಯಾನರಿನ ಮೇಲೆ ಅವನ ಫೋಟೋ ತಟ್ಟೆಯಷ್ಟಿತ್ತು, ಅವಳದು ಬಟ್ಟಲಿನಷ್ಟು. ಮಗನನ್ನು ನನ್ನ ಬಳಿ ಬಿಟ್ಟು, ಮುಂಗಾರು ಗಾಳಿ ಶುರುವಾಗಿದ್ದ ದಿನಗಳಲ್ಲಿ ಇಬ್ಬರೂ ಹೊರಟರು.

ಮೊದಲ ದಿನವೇ ಸುನಂದಾಳಿಂದ ತಪ್ಪಾಯಿತು. ಎಷ್ಟೋ ವರ್ಷಗಳ ಮೇಲೆ ಬಯಲ ರಸ್ತೆ ಸಿಕ್ಕಿತ್ತು, ಕಾಲು ತಾನೇ ತುಳಿಯಿತು. ಗುಳೇದಗುಡ್ಡದ ಹೊರಗೆ ಬ್ಯಾಂಡಿನವರು, ಹಾರ ಹಿಡಿದ ಹಿರಿಯರು ಕಾಯುತ್ತಿದ್ದರು. ಇವಳು ಒಬ್ಬಳೇ ಹೋಗಿ ಬ್ರೇಕ್ ಹಿಡಿದಳು. ಬ್ಯಾಂಡಿನವನು ಕಹಳೆ ಬಾಯಿಗಿಟ್ಟವನು ಹಾಗೇ ಇಳಿಸಿದ.

"ಸಾಹೇಬ್ರು ಎಲ್ಲದಾರವಾ?" ಅಂತ ಒಬ್ಬರು ಕೇಳಿದರು.

"ಹಿಂದ ಬರಾಕತ್ತಾರ್ರಿ."

"ಹಂಗಾರ ನೀ ಆ ಬೇವಿನ ಗಿಡದ ಬುಡಕ ನಿಂದ್ರು. ಅವ್ರು ಬರ್ಲಿ. ಮಾಲಿ ಮೊದ್ಲ ಅವ್ರಿಗೆ ಹಾಕಬೇಕಲ್ಲ."

ಅವಳು ಗಿಡದ ಕೆಳಗೆ ನಿಂತಳು. ಹಾರದ ಹೂವು ಬಿಸಿಲಿಗೆ ಬಾಡುವಷ್ಟು ಹೊತ್ತಾದ ಮೇಲೆ ಅಮರೇಶ ಏದುಸಿರು ಬಿಡುತ್ತ ಬಂದ. ಬ್ಯಾಂಡು ಬಾರಿಸಿತು. ಅವನಿಗೆ ಹಾರ ಬಿತ್ತು, ಶಾಲು ಬಿತ್ತು, ಕೈಗೆ ಮೈಕು ಬಂತು. ಮಹಿಳೆಯನ್ನು ಮುಂದೆ ತರಬೇಕು ಎಂದು ಅವನು ಅಲ್ಲಿ ಬಹಳ ಚೆನ್ನಾಗಿ ಮಾತಾಡಿದನಂತೆ. ಊರು ದಾಟಿದ ಮೇಲೆ ಹೆಂಡತಿಗೆ ಹೇಳಿದ, "ನೀ ಹಿಂಗ ಮುಂದ ಹೋದ್ರ ನನ್ನ ಮಾನ ಏನ ಉಳೀತು? ಇನ್ನ ಮ್ಯಾಲ ಹಿಂದ ಬಾ."

ಅವಳು ಹಿಂದೆ ಬಂದಳು. ಆದರೆ ಬಾದಾಮಿಯ ದಾರಿಯಲ್ಲಿ ಗಾಳಿ ಎದುರಾಯಿತು. ಮುಂಗಾರಿನ ನಮ್ಮ ಬಯಲುಗಾಳಿ ನಡೆಯುವವರನ್ನೇ ನಿಲ್ಲಿಸುತ್ತದೆ, ಇನ್ನು ಸೈಕಲ್ಲಿನವರ ಪಾಡೇನು. ಮುಂದೆ ತುಳಿಯುವವರು ಗಾಳಿ ಸೀಳಬೇಕು. ಅವರ ಹಿಂದಿನ ಚಕ್ರಕ್ಕೆ ಹತ್ತಿಕೊಂಡು ಬರುವವರಿಗೆ ಅರ್ಧ ಶ್ರಮ ಉಳಿಯುತ್ತದೆ. ಸೈಕಲ್ ಪಂದ್ಯ ಆಡಿದ ಮಕ್ಕಳಿಗೆಲ್ಲ ಇದು ಗೊತ್ತು. ಅಮರೇಶನಿಗೆ ಗೊತ್ತಿರಲಿಲ್ಲ. ಗಂಡನ ಅಭಿಮಾನ ಕಾಪಾಡುತ್ತ ಅವಳು ಅವನ ಮರೆಯಲ್ಲಿ ಸುಖವಾಗಿ ತುಳಿಯುತ್ತಿದ್ದಳು, ಅವನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಕೊನೆಗೆ ಅವನು ಸೈಕಲ್ ಇಳಿದು ರಸ್ತೆ ಬದಿಯಲ್ಲಿ ಕೂತುಬಿಟ್ಟ. ವಾಪಸ್ ಹೋಗೋಣ ಅಂದ.

ವಾಪಸ್ ಹೋದರೆ ಕೋಚ್ ಕೆಲಸವೂ ಹೋಯಿತು. ಅವಳು ಮೆಲ್ಲಗೆ ಹೇಳಿದಳು, "ನಾ ಮುಂದ ತುಳೀತೇನ್ರಿ. ನೀವು ನನ್ನ ಗಾಲಿಗೆ ಹತ್ತಿಕೊಂಡ ಬರ್ರಿ. ಗಾಳಿ ನಿಮಗ ಹತ್ತೂದಿಲ್ಲ."

ಅವನು ರಸ್ತೆಯ ಎರಡೂ ತುದಿ ನೋಡಿದ. ಯಾರೂ ಇರಲಿಲ್ಲ. "ಊರು ಬರೂತನ ನೀ ಮುಂದ," ಅಂದ. "ಊರು ಕಂಡ ಕೂಡ್ಲೆ ಹಿಂದ ಸರಿ."

ಅಲ್ಲಿಂದ ಮುಂದೆ ಇಡೀ ಯಾತ್ರೆ ನಡೆದದ್ದು ಹಾಗೆಯೇ. ಬಯಲಿನಲ್ಲಿ, ಏರಿನಲ್ಲಿ, ಎದುರು ಗಾಳಿಯಲ್ಲಿ ಅವಳು ಮುಂದೆ. ಊರ ಮೊದಲ ಮನೆ ಕಂಡೊಡನೆ ಅವಳು ವೇಗ ಇಳಿಸುವಳು, ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಮುಂದಾಗುವನು. ಊರವರು ಸಾಹೇಬರ ತಾಕತ್ತು ನೋಡಿ ಬೆರಗಾಗುವರು. ಇದನ್ನು ಆಮೇಲೆ ಸುನಂದಾ ನನಗೆ ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ, ಮೈ ಉರಿಯಿತು. ಆ ರಸ್ತೆಯಲ್ಲಿ ನಾನಿದ್ದಿದ್ದರೆ ಅವನ ಟ್ಯೂಬಿಗೆ ಸೂಜಿ ಚುಚ್ಚಿಬಿಡುತ್ತಿದ್ದೆ.

ಸನ್ಮಾನದ ರೀತಿಯೂ ಎಲ್ಲ ಊರಲ್ಲಿ ಒಂದೇ. ಗಂಡಸಿಗೆ ಹೊರಗೆ ವೇದಿಕೆಯ ಮೇಲೆ ಶಾಲು. ಹೆಂಗಸಿಗೆ ಒಳಗೆ, ಯಾರದಾದರೂ ಪಡಸಾಲೆಯಲ್ಲಿ ಉಡಿ ತುಂಬುವುದು. ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಮಣೆ ಹಾಕಿ ಕೂರಿಸಿ, ಸೆರಗು ಒಡ್ಡಿಸಿ, ಐದು ಮಂದಿ ಸರದಿಯ ಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಉತ್ತತ್ತಿ, ಬಾಳೆಹಣ್ಣು, ರವಿಕೆಗೆಂದು ಒಂದು ಖಣ ಅದರಲ್ಲಿಡುತ್ತಾರೆ. ಪ್ರೀತಿಯಿಂದಲೇ ಇಡುತ್ತಾರೆ, ಸುಳ್ಳು ಹೇಳಬಾರದು. ಆದರೆ ಚೂಡಿದಾರದ ದುಪಟ್ಟಾದಲ್ಲಿ ಉಡಿ ತುಂಬಲಿಕ್ಕಾಗುತ್ತದೆಯೇ? ಸುನಂದಾ ಚೀಲದಲ್ಲಿ ಒಂದು ಇಳಕಲ್ ಸೀರೆ ಇಟ್ಟುಕೊಂಡಿದ್ದಳು. ಊರು ಬಂದೊಡನೆ ಯಾರದೋ ಅಡುಗೆಮನೆಯಲ್ಲಿ ಅದನ್ನು ಉಡುವುದು, ಉಡಿ ತುಂಬಿಸಿಕೊಳ್ಳುವುದು, ಮತ್ತೆ ಚೂಡಿದಾರ ಹಾಕುವುದು. ಅಷ್ಟರಲ್ಲಿ ಹೊರಗೆ ಸಮಾನತೆಯ ಭಾಷಣ ಮುಗಿದಿರುತ್ತಿತ್ತು. ಅವಳನ್ನು ವೇದಿಕೆಯ ಮೇಲೆ ಒಬ್ಬರೂ ನೋಡಲಿಲ್ಲ.

ಉಡಿಯ ಸಾಮಾನು ದಾರಿಯಲ್ಲಿ ಬಿಡುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಮನೆ ಮುಟ್ಟಿಸಿ ಅಡುಗೆ ಮಾಡಿ ಉಣ್ಣಬೇಕು. ಹಳ್ಳಿ ಹಳ್ಳಿಗೂ ಅವಳ ಸೈಕಲ್ಲಿನ ಚೀಲ ಭಾರವಾಯಿತು. ಗಂಡನ ಶಾಲುಗಳೂ ಅದೇ ಚೀಲ ಸೇರಿದವು. ಅಷ್ಟನ್ನೂ ಹೇರಿಕೊಂಡು ಅವಳು ಅವನ ಪಾಲಿನ ಗಾಳಿಯನ್ನೂ ಸೀಳಿದಳು. ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ, ಏಕೆಂದರೆ ಸಂಗಮ ಮುಟ್ಟಿದರೆ ಕೆಲಸ ತನ್ನದು ಎಂದು ನಂಬಿದ್ದಳು. ನಂಬುವವರನ್ನು ಕಂಡರೆ ನನಗೆ ಒಮ್ಮೊಮ್ಮೆ ಸಿಟ್ಟೇ ಬರುತ್ತದೆ.

ಇಳಕಲ್ಲಿನಲ್ಲಿ ತವರುಮನೆ. ತಾಯವ್ವ ಮಗ್ಗದಿಂದ ಎದ್ದು ಬಂದು ಮಗಳ ಕಪ್ಪಾದ ಮುಖ ಸವರಿದಳು. "ಈಗ ನೋಡು, ನನ್ನ ಮಗಳಂಗ ಕಾಣ್ತಿ," ಅಂದಳಂತೆ. ಸಂಜೆ ಮುದಕಪ್ಪ ಸಾಹುಕಾರರು ತಾವಾಗಿಯೇ ಆ ಮನೆಗೆ ಬಂದರು. ಚಿಕ್ಕವಳಿದ್ದಾಗ ತಮ್ಮ ಲಾರಿಗಳ ಜೊತೆ ಓಟ ಕಟ್ಟುತ್ತಿದ್ದ ಹುಡುಗಿಯನ್ನು ಅವರು ಮರೆತಿರಲಿಲ್ಲ. ಅಮರೇಶ ಆಗ ಪೇಟೆಯಲ್ಲಿ ಯಾರ ಜೊತೆಗೋ ಫೋಟೋ ತೆಗೆಸಿಕೊಳ್ಳುತ್ತಿದ್ದ.

"ತಂಗೀ, ಹುಡುಗ್ಯಾರಿಗೆ ಕಲಸಾಕ ಹೆಣಮಗಳೇ ಬೇಕು, ಅದೂ ನೀನಾ ಬೇಕು," ಅಂದರು ಸಾಹುಕಾರರು. "ಸಂಗಮದಾಗ ಎಲ್ಲಾರ ಮುಂದ ಮೈಕಿನ್ಯಾಗ ಕೇಳ್ತೇನಿ. ನೀ ಹ್ಞೂಂ ಅನ್ನು, ಸಾಕು. ಮತ್ತೇನೂ ಬ್ಯಾಡ."

"ಹ್ಞೂಂ ಅನ್ನಾಕ ಆಕಿಗೇನು ಕಲಸಬೇಕೇನ್ರಿ?" ಅಂತ ತಾಯವ್ವ ನಕ್ಕಳು.

ಕೂಡಲಸಂಗಮಕ್ಕೆ ಅವಳ ಮಗನನ್ನು ಕರೆದುಕೊಂಡು ನಾನೂ ಬಸ್ಸಿನಲ್ಲಿ ಹೋದೆ. ನದಿಯ ಕಡೆಯ ಬಯಲಿನಲ್ಲಿ ಪೆಂಡಾಲು, ಕುರ್ಚಿಗಳು ತುಂಬಿದ್ದವು. ಅಮರೇಶ ಮುಂದೆ, ಸುನಂದಾ ಹಿಂದೆ ಬಂದಿಳಿದರು. ನನ್ನನ್ನು ಕಂಡು ಅವಳ ಮುಖ ಅರಳಿತು. ಪೆಂಡಾಲಿಗೆ ಹತ್ತಿಕೊಂಡೇ ಸಕ್ರವ್ವ ಎಂಬ ಹಿರಿಯ ಹೆಂಗಸಿನ ಮನೆ. ಅವಳು ಬಂದು ಕೈ ಹಿಡಿದಳು, "ಬಾ ಯವ್ವಾ, ಉಡಿ ತುಂಬತೇವಿ."

"ಮೊದ್ಲ ಕಾರ್ಯಕ್ರಮ ಮುಗೀಲಿ ಬಿಡ್ರಿ, ಆಮ್ಯಾಲ ಬರ್ತಾಳ," ಅಂದೆ ನಾನು.

"ಕುಬಸದ ಗುಂಡಿ ಹಾಕ್ಕೊಳ್ಳೂದ್ರಾಗ ಉಡಿ ತುಂಬೂದು ಮುಗೀತೈತಿ. ಅಲ್ಲಿ ಗಂಡಸ್ರ ಭಾಷಣ ತಡಾ ಆಗ್ತಾವು," ಅಂದಳು ಸಕ್ರವ್ವ. ಸುನಂದಾ ನನ್ನ ಮುಖ ನೋಡಿದಳು, ವೇದಿಕೆಯ ಕಡೆ ನೋಡಿದಳು. ಹಿರಿಯಳ ಮಾತು ತೆಗೆದುಹಾಕಲಾರದೆ ಒಳಗೆ ಹೋದಳು.

ನನ್ನ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಉಡಿ ತುಂಬುವ ಕಡೆ ನಮ್ಮಂಥವರಿಗೆ ಕೆಲಸವಿಲ್ಲ. ಹಾಗಾಗಿ ನಾನು ಹೊಸ್ತಿಲ ಹೊರಗೇ ನಿಂತೆ. ಅಲ್ಲಿಂದ ಒಳಗಿನ ಮಣೆಯೂ ಕಾಣುತ್ತಿತ್ತು, ಹೊರಗಿನ ವೇದಿಕೆಯೂ ಕಾಣುತ್ತಿತ್ತು. ಸುನಂದಾ ಸೀರೆಯುಟ್ಟು ಮಣೆಯ ಮೇಲೆ ಕೂತಳು, ಸೆರಗು ಒಡ್ಡಿದಳು. ಮೊದಲನೆಯವಳು ಅಕ್ಕಿ ಸುರಿದಳು. ಎರಡನೆಯವಳು ಬರುವಷ್ಟರಲ್ಲಿ ಮೈಕಿನಲ್ಲಿ ಮುದಕಪ್ಪ ಸಾಹುಕಾರರ ದನಿ ಕೇಳಿತು. ಅವರಿಗೆ ಎಲ್ಲಿಗೋ ಹೋಗುವ ಅವಸರವಿತ್ತಂತೆ, ಕಾರ್ಯಕ್ರಮವನ್ನು ಮೊಟಕು ಮಾಡಿದ್ದರು.

"ನಮ್ಮ ಕೇಂದ್ರಕ್ಕ ಕೋಚ್ ಆಗಾಕ ನಮ್ಮ ಇಳಕಲ್ಲಿನ ಮಗಳು ಸುನಂದಾ ಒಪ್ಪಬೇಕು ಅಂತ ನನ್ನ ಆಸೆ. ಎಲ್ಲದಾಳ ಆಕಿ? ಬರಾಕ ಹೇಳ್ರಿ."

ಒಳಗೆ ಸುನಂದಾ ತಲೆಯೆತ್ತಿದಳು. ಹೊರಗೆ ಅಮರೇಶ ಎದ್ದು ಮೈಕಿನ ಹತ್ತಿರ ಹೋದ.

"ಆಕಿ ಒಳಗ ಉಡಿ ತುಂಬಿಸ್ಕೊಳ್ಳಾಕತ್ತಾಳ್ರಿ," ಅಂದ. ಜನ ನಕ್ಕು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಸಿಕ್ಕರೆ ಆ ಮನುಷ್ಯ ನಿಲ್ಲುವವನಲ್ಲ. "ಮನಿ ಐತಿ, ಸಣ್ಣ ಮಗ ಅದಾನ. ನಸಕಿನ್ಯಾಗ ಎದ್ದು ಮೈದಾನಕ್ಕ ಬರೂದು ಆಕಿಗೆ ಆಗೂದಿಲ್ಲ. ಆಕೀನಾ ನನಗ ಹೇಳ್ಯಾಳ್ರಿ, ಅವ್ರು ಕೇಳಿದ್ರ ನೀವಾ ಒಪ್ಪಿಕೊಳ್ರಿ ಅಂತ. ಈ ಜವಾಬ್ದಾರಿ ನಾ ಹೊರ್ತೇನಿ."

ಅವಳು ಹಾಗೆ ಹೇಳಿರಲಿಲ್ಲ. ಎಂದೂ ಹೇಳಿರಲಿಲ್ಲ. ಒಳಗೆ ಅವಳು ಒಂದು ಕೈಯಲ್ಲಿ ಸೆರಗು ಹಿಡಿದು ಏಳಲು ಮೊಣಕಾಲೂರಿದಳು. ಸಕ್ರವ್ವ ಅವಳ ಹೆಗಲು ಒತ್ತಿ ಕೂರಿಸಿದಳು.

"ಕುಂಡ್ರು ಯವ್ವಾ! ಐದು ಮಂದಿ ಮುಗಿಯೂತನ ಏಳಬಾರ್ದು. ಉಡಿಯಾಗಿನ ಅಕ್ಕಿ ನೆಲಕ್ಕ ಚೆಲ್ಲಿದ್ರ ಗಂಡಗ ಕೇಡು."

ನಾನು ವೇದಿಕೆಯ ಕಡೆ ಕೂಗಿದೆ, "ತಡೀರಿ! ಬರಾಕತ್ತಾಳ, ತಡೀರಿ!" ತರಗತಿಯಲ್ಲಿ ಅರವತ್ತು ಮಕ್ಕಳನ್ನು ಸುಮ್ಮನಾಗಿಸಿದ ಗಂಟಲು ನನ್ನದು, ಆದರೆ ಆ ಮೈಕಿನ ಮುಂದೆ ಕುರ್ಚಿಯಲ್ಲಿದ್ದ ಒಬ್ಬನೂ ಹೊರಳಿ ನೋಡಲಿಲ್ಲ. ತಿರುಗಿ ಒಳಗೆ ನೋಡಿದೆ. ಹೊಸ್ತಿಲಾಚೆಯಿಂದಲೇ ಅಂದೆ, "ಚೆಲ್ಲಿದ್ರ ಚೆಲ್ಲಲಿ, ಎದ್ದು ಬಾರವಾ ಸುನಂದಾ!" ಒಳಗಿದ್ದ ಹೆಂಗಸರೆಲ್ಲ ನನ್ನನ್ನು ಕೆಟ್ಟ ಕಣ್ಣಿನಿಂದ ನೋಡಿದರು. ಗಂಡ ಸತ್ತವಳು, ಉಡಿ ತುಂಬುವ ಹೊತ್ತಿನಲ್ಲಿ, ಆಡಬಾರದ ಮಾತು ಆಡಿದ್ದೆ. ಸುನಂದಾ ನನ್ನನ್ನು ನೋಡಿದಳು, ಸೆರಗಿನ ಅಕ್ಕಿಯನ್ನು ನೋಡಿದಳು. ಕೂತಳು. ತನಗೆ ಕೇಡು ಬಗೆದವನಿಗೆ ಕೇಡಾಗಬಾರದೆಂದು ಕೂತಳು. ಮೂರನೆಯವಳು, ನಾಲ್ಕನೆಯವಳು, ಐದನೆಯವಳು ನಿಧಾನವಾಗಿ, ನಗುನಗುತ್ತ, ಶಾಸ್ತ್ರ ಮುಗಿಸಿದರು. ಹೊರಗೆ ಅವಸರದಲ್ಲಿದ್ದ ಸಾಹುಕಾರರು ಆಗಲಿ ಅಂದಾಗಿತ್ತು, ಚಪ್ಪಾಳೆ ಬಿದ್ದು ನಿಂತೂ ಹೋಗಿತ್ತು.

ಅವಳು ಉಡಿ ಕಟ್ಟಿಕೊಂಡು ಹೊರಗೆ ಬಂದಾಗ ಅಮರೇಶನ ಕೊರಳಲ್ಲಿ ಹಾರದ ಜೊತೆಗೆ ಕೋಚಿನ ಸೀಟಿ ಹೊಳೆಯುತ್ತಿತ್ತು. ಸಾಹುಕಾರರು ಕಾರು ಹತ್ತುತ್ತಿದ್ದವರು ಇವಳನ್ನು ಕಂಡು ನಿಂತರು. "ನಿನಗ ಆಗೂದಿಲ್ಲ ಅಂತ ಸಾಹೇಬ್ರು ಹೇಳಿದ್ರವಾ. ಇರ್ಲಿ, ನೀ ಅವರ ಬೆಂಬಲಕ್ಕ ಇರ್ತಿಯಲ್ಲ," ಅಂದರು. ಅವರ ದನಿಯಲ್ಲಿ ಬೇಸರವಿತ್ತು, ಅದೂ ಇವಳ ಮೇಲಿನ ಬೇಸರ. ಅವಳು ಬಾಯಿ ತೆರೆದಳು. ಸುತ್ತ ಜನ, ಪಕ್ಕದಲ್ಲಿ ಗಂಡ, ಕಾಲ ಹತ್ತಿರ ಮಗ. ಕಾರು ಹೋಯಿತು.

ವಾಪಸ್ ಬರುವಾಗ ಸೈಕಲ್ಲುಗಳನ್ನು ಟೆಂಪೋದ ಮೇಲೆ ಕಟ್ಟಿ ಎಲ್ಲರೂ ಒಳಗೆ ಕೂತೆವು. ಅಮೀನಗಡ ದಾಟಿದ ಮೇಲೆ ಸುನಂದಾ ಒಂದೇ ಮಾತು ಕೇಳಿದಳು, "ನಾ ಹಂಗ ಯಾವಾಗ ಹೇಳಿದ್ದೆರಿ?"

ಅಮರೇಶನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಅವನು ನಾಟಕ ಮಾಡುತ್ತಿರಲಿಲ್ಲ, ನಾನು ಅವನ ಮುಖವನ್ನೇ ನೋಡುತ್ತಿದ್ದೆ. "ಯಾರಾದ್ರೇನ?" ಅಂದ. "ನಮ್ಮ ಮನೀಗೇ ಬಂತಲ್ಲ!"

ಕೇಂದ್ರ ಶುರುವಾಯಿತು. ಸುನಂದಾಳ ಸೈಕಲ್ಲನ್ನೂ ಅಮರೇಶ ಅಲ್ಲಿಗೆ ಸಾಗಿಸಿದ, ಹುಡುಗಿಯರಿಗೆ ಕಡಿಮೆ ಬೀಳುತ್ತದೆ ಅಂದ. ಕೆಲವೇ ದಿನಗಳಲ್ಲಿ ಹಳೆ ಬಾಗಲಕೋಟೆಯ ಆಫ್ರೀನ ಎಂಬ ಹುಡುಗಿ ಕುಂಟುತ್ತ ಅವರ ಮನೆಗೆ ಬಂದಳು. ಮೊಣಕಾಲು ನೋವು, ಸರ್ ಹತ್ತಿರ ರಜೆ ಕೇಳಬೇಕು ಅಂದಳು. ಸರ್ ಮನೆಯಲ್ಲಿರಲಿಲ್ಲ. ಸುನಂದಾ ಅವಳ ಮೊಣಕಾಲು ಒತ್ತಿ ನೋಡಿ, ಸೀಟು ಎಷ್ಟು ಎತ್ತರಕ್ಕಿದೆ ಎಂದು ಕೇಳಿದಳು. ಹೆಣ್ಣುಮಕ್ಕಳು ಬೀಳಬಾರದು, ಕಾಲು ನೆಲಕ್ಕೆ ಮುಟ್ಟುತ್ತಿರಬೇಕು ಎಂದು ಕೋಚ್ ಸಾಹೇಬರು ಎಲ್ಲರ ಸೀಟನ್ನೂ ಪೂರಾ ಇಳಿಸಿಬಿಟ್ಟಿದ್ದರು. ಮೊಣಕಾಲು ಮಡಚಿಕೊಂಡೇ ತುಳಿಯಬೇಕಾದ ಆ ಸೀಟಿನ ಮೇಲೆ ಇನ್ನೊಂದು ತಿಂಗಳು ತುಳಿದಿದ್ದರೆ ಮಕ್ಕಳು ಮೆಟ್ಟಿಲು ಹತ್ತಲೂ ಆಗದ ಹಾಗಾಗುತ್ತಿದ್ದರು.

ಅಂದು ಸಂಜೆ ಅವಳು ಗಂಡನಿಗೆ ಸೀಟು ಹೇಗೆ ಏರಿಸಬೇಕೆಂದು ಹೇಳಿಕೊಟ್ಟಳು. ಮರುದಿನ ಬೆಳಿಗ್ಗೆ ಅವನು ಅದನ್ನು ಮೈದಾನದಲ್ಲಿ ತಾನೇ ಕಂಡುಹಿಡಿದವನ ಹಾಗೆ ಹೇಳಿದ. ಆಮೇಲೆ ಅದೇ ರೂಢಿಯಾಯಿತು. ಸಂಜೆ ಅವನು ಆಫೀಸಿನಿಂದ ಬಂದು ಚಹಾ ಕುಡಿಯುತ್ತ ಕೇಳುತ್ತಾನೆ, "ನಾಳಿ ಏನ ಹೇಳ್ಲಿ?" ಇವಳು ರೊಟ್ಟಿ ಬಡಿಯುತ್ತ ಹೇಳುತ್ತಾಳೆ. ಏರಿನಲ್ಲಿ ಯಾವ ಗೇರು, ಪಂದ್ಯದ ಹಿಂದಿನ ದಿನ ಏನು ಉಣ್ಣಬೇಕು, ಗಾಳಿ ಎದುರಾದಾಗ ಯಾರು ಮುಂದಿರಬೇಕು, ಎಲ್ಲ. ಅವಳು ಕೇಂದ್ರದ ಗೇಟು ದಾಟಿ ಒಳಗೆ ಹೋಗಿದ್ದು ಒಂದೇ ಸಲ, ಉದ್ಘಾಟನೆಯ ಆರತಿ ತಟ್ಟೆ ಹಿಡಿಯಲು.

ಈ ವರ್ಷ ಆಫ್ರೀನ ರಾಜ್ಯ ಮಟ್ಟದಲ್ಲಿ ಬೆಳ್ಳಿ ಗೆದ್ದಳು. ಪತ್ರಿಕೆಯಲ್ಲಿ ಅಮರೇಶನ ಫೋಟೋ ಬಂತು, ಆದರ್ಶ ತರಬೇತುದಾರ ಎಂದು. ನನಗೆ ತಡೆಯಲಾಗಲಿಲ್ಲ. ಪತ್ರಿಕೆ ಹಿಡಿದುಕೊಂಡೇ ಅವಳ ಅಡುಗೆಮನೆಗೆ ನುಗ್ಗಿದೆ.

"ನಾಳಿಂದ ಬಾಯಿ ಮುಚ್ಚು," ಅಂದೆ. "ಒಂದ ಅಕ್ಷರ ಹೇಳಬ್ಯಾಡ ಅವಗ. ಒಂದ ವಾರದಾಗ ಬಣ್ಣ ಬಯಲಾಗ್ತೈತಿ. ಹೋಗ್ಲಿ ಅವನ ಮರ್ಯಾದಿ!"

ಸುನಂದಾ ಹಿಟ್ಟಿನ ಕೈ ತೊಳೆದುಕೊಂಡು ಪತ್ರಿಕೆ ಇಸಿದುಕೊಂಡಳು. ಗಂಡನ ಫೋಟೋದ ಕೆಳಗೆ ಚಿಕ್ಕದಾಗಿದ್ದ ಆಫ್ರೀನಳ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ನಾ ಸುಮ್ನಾದ್ರ ಅವರ ಮರ್ಯಾದಿ ಹೋಗೂದಿಲ್ರಿ ಅಕ್ಕೋರ," ಅಂದಳು. "ಹುಡುಗ್ಯಾರ ಮೊಣಕಾಲು ಹೋಗ್ತಾವು."